ಸಿಪಿಆರ್: ಎದೆ 5 ಸೆಂ.ಮೀ. ಒತ್ತುತ್ತಿದ್ದೇನೋ ಇಲ್ಲವೋ ತಿಳಿಯುವುದು ಹೇಗೆ?

ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಕಾರ್ಖಾನೆ, ಶಾಲೆ, ಪಂಚಾಯಿತಿ ಕಚೇರಿಗಳಲ್ಲಿ ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ ರಕ್ತ ಓಡಿಸುವ ಪ್ರಥಮ ಚಿಕಿತ್ಸೆ) ಹೇಳಿಕೊಡುವಾಗ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. "ಎದೆ ಎಷ್ಟು ಆಳ ಒತ್ತಬೇಕು?" ಎಂದು ಕೇಳಿದರೆ ಇಡೀ ಕೋಣೆ ಒಂದೇ ದನಿಯಲ್ಲಿ "5 ಸೆಂ.ಮೀ." ಎನ್ನುತ್ತದೆ. ಅದೇ ಜನರನ್ನು ತರಬೇತಿ ಗೊಂಬೆಯ ಪಕ್ಕ ಕೂರಿಸಿ ಸ್ಕೇಲ್ ಹಿಡಿದರೆ ಮೂರು, ಮೂರೂವರೆಗೇ ಕೈ ನಿಂತಿರುತ್ತದೆ. ಒತ್ತಿದವರಿಗೆ ಮಾತ್ರ ತಾವು ಸರಿಯಾಗಿಯೇ ಒತ್ತಿದ್ದೇವೆ ಎಂಬ ಪೂರ್ತಿ ನಂಬಿಕೆ.

ಇದಕ್ಕೆ ತೋಳಿನ ಶಕ್ತಿ ಸಾಲದು ಎನ್ನುವುದು ಕಾರಣವಲ್ಲ. ಆಳ ಬರುವುದು ಒತ್ತುವುದಕ್ಕೆ ಮುಂಚಿನ ಕೆಲಸಗಳಿಂದ: ಯಾವ ನೆಲ, ಎಲ್ಲಿ ಕೈ, ಹೇಗೆ ಕೂತಿದ್ದೀರಿ. ಈ ಮೂರರಲ್ಲಿ ಒಂದು ತಪ್ಪಿದರೂ ಎಷ್ಟು ಬಲ ಹಾಕಿದರೂ ಎದೆ ಇಳಿಯುವುದಿಲ್ಲ, ಇಳಿದರೂ ಒಂದು ನಿಮಿಷದ ಮೇಲೆ ನಿಲ್ಲುವುದಿಲ್ಲ. ಹಾಗಾಗಿ ಹಂತಗಳ ಕ್ರಮ ಕೆಡಿಸಬೇಡಿ.

ಬರಹ ಓದಿ ಕೈ ಪಳಗುವುದಿಲ್ಲ, ಗೊಂಬೆಯ ಮೇಲೆ ಒತ್ತಿಯೇ ಕಲಿಯಬೇಕು. ಆದರೆ ಗೊಂಬೆಯ ಮೇಲೂ ತಪ್ಪಾಗಿ ಕಲಿಯುವುದು ಸುಲಭ. ಅದನ್ನು ತಪ್ಪಿಸಲು ಈ ಮಾರ್ಗದರ್ಶಿ.

## ಮೊದಲು ಅಂಕಿಗಳು

ದೊಡ್ಡವರಿಗೆ: ಕನಿಷ್ಠ 5 ಸೆಂ.ಮೀ., 6 ಸೆಂ.ಮೀ. ದಾಟಬಾರದು.

1 ವರ್ಷದಿಂದ ಹರೆಯ ಬರುವವರೆಗಿನ ಮಕ್ಕಳಿಗೆ: ಎದೆಯ ದಪ್ಪದ ಮೂರನೇ ಒಂದು ಭಾಗ, ಸುಮಾರು 5 ಸೆಂ.ಮೀ.

1 ವರ್ಷದೊಳಗಿನ ಕೂಸಿಗೆ: ಮೂರನೇ ಒಂದು ಭಾಗವೇ, ಸುಮಾರು 4 ಸೆಂ.ಮೀ.

ವೇಗ ಎಲ್ಲರಿಗೂ ಒಂದೇ, ನಿಮಿಷಕ್ಕೆ 100ರಿಂದ 120.

ಹೃದಯ ಇರುವುದು ಮುಂದಿನ ಎದೆಮೂಳೆಗೂ ಹಿಂದಿನ ಬೆನ್ನುಮೂಳೆಗೂ ನಡುವೆ. ಮೇಲಿನಿಂದ ಒತ್ತಿದಾಗ ಅದು ಇವೆರಡರ ಮಧ್ಯೆ ಹಿಂಡಿಕೊಂಡು ರಕ್ತವನ್ನು ಮಿದುಳಿನ ಕಡೆ ತಳ್ಳುತ್ತದೆ. 5ಕ್ಕಿಂತ ಕಡಿಮೆಯಾದರೆ ತಳ್ಳುವ ರಕ್ತ ಸಾಲದು. 6 ದಾಟಿದರೆ ಪೆಟ್ಟಾಗುವ ಸಂಭವ ಹೆಚ್ಚುತ್ತದೆಯೇ ಹೊರತು ಲಾಭ ಹೆಚ್ಚುವುದಿಲ್ಲ. ಆದರೂ ಎರಡು ತಪ್ಪುಗಳನ್ನು ಒಂದೇ ತಕ್ಕಡಿಯಲ್ಲಿ ಇಡಬೇಡಿ. ತರಬೇತಿ ಇಲ್ಲದವರು ಮಾಡುವ ತಪ್ಪು ಹೆಚ್ಚುಪಾಲು ಕಡಿಮೆ ಒತ್ತುವುದೇ.

## ಅಭ್ಯಾಸಕ್ಕೆ ಬೇಕಾದ ಸಾಮಾನು

ತರಬೇತಿ ಗೊಂಬೆ ಒಂದು. ವೈದ್ಯಕೀಯ ಕಾಲೇಜು, ನರ್ಸಿಂಗ್ ಕಾಲೇಜುಗಳಲ್ಲಿ ಇರುತ್ತದೆ. ರೆಡ್‌ಕ್ರಾಸ್‌ನವರು ಪ್ರಥಮ ಚಿಕಿತ್ಸೆ ತರಬೇತಿ ನಡೆಸುತ್ತಾರೆ. ಕಾರ್ಖಾನೆಯಲ್ಲಿದ್ದರೆ ಸೇಫ್ಟಿ ಆಫೀಸರನ್ನು ಕೇಳಿ. ನರಸಾಪುರ, ವೇಮಗಲ್ ಕಡೆಯ ದೊಡ್ಡ ಘಟಕದಲ್ಲಿ ಕೆಲಸ ಮಾಡುವವರು ಕೇಳಲು ಹಿಂಜರಿಯಬೇಕಿಲ್ಲ.

ಮಕ್ಕಳ 30 ಸೆಂ.ಮೀ. ಸ್ಕೇಲ್, ಬಾಲ್‌ಪೆನ್, ವಿಡಿಯೊ ಮತ್ತು ಮೆಟ್ರೊನೋಮ್ ಆ್ಯಪ್ (ಒಂದೇ ವೇಗದಲ್ಲಿ ಟಕ್ ಟಕ್ ಎಂದು ತಾಳ ಹಾಕುವುದು) ಇರುವ ಫೋನ್, ಜೊತೆಗೊಬ್ಬರು. ಇಷ್ಟು ಸಾಕು.

ಇನ್ನೊಂದು ಸಾಮಾನು ನಿಮ್ಮ ಜೇಬಿನಲ್ಲೇ ಇದೆ. ಎಟಿಎಂ ಕಾರ್ಡ್‌ನ ಅಗಲ, ಅಂದರೆ ಗಿಡ್ಡ ಬದಿ, 5.4 ಸೆಂ.ಮೀ. ಎಲ್ಲ ಬ್ಯಾಂಕಿನ ಕಾರ್ಡೂ ಅಷ್ಟೇ, ಅದು ಅಂತರರಾಷ್ಟ್ರೀಯ ಅಳತೆ. ಐದಕ್ಕೂ ಆರಕ್ಕೂ ನಡುವೆ ಸರಿಯಾಗಿ ಬಂದು ಕೂರುತ್ತದೆ. ಕಾರ್ಡನ್ನು ಉದ್ದ ಬದಿಯ ಮೇಲೆ ನೆಟ್ಟಗೆ ನಿಲ್ಲಿಸಿ, ನೆಲದಿಂದ ಅದರ ತುದಿಯವರೆಗಿನ ಎತ್ತರ ನೋಡಿ. ಒಬ್ಬರ ಎದೆ ಅಷ್ಟು ಕೆಳಗೆ ಇಳಿಯಬೇಕು. ಮೊದಲ ಸಲ ನೋಡಿದವರೆಲ್ಲ "ಇಷ್ಟೊಂದಾ?" ಎಂದೇ ಕೇಳುತ್ತಾರೆ. ಹೌದು, ಅಷ್ಟೇ.

ದಿಂಬು, ಸೋಫಾ ಫೋಮ್ ಮೇಲೆ ಕೂರುವ ಭಂಗಿ ಕಲಿಯಬಹುದು, ಆಳ ಕಲಿಯಲಾಗದು. ಉಸಿರಾಡುತ್ತಿರುವ ಮನುಷ್ಯನ ಮೇಲೆ ಅಭ್ಯಾಸ ಬೇಡವೇ ಬೇಡ, ತಮಾಷೆಗೂ ಬೇಡ.

## ಹಂತ 1: ಒತ್ತಬೇಕಾದ ಪರಿಸ್ಥಿತಿಯೇ? 10 ಸೆಕೆಂಡು

ಬಿದ್ದವರ ಹೆಗಲು ತಟ್ಟಿ ಜೋರಾಗಿ ಕೂಗಿ. ಪ್ರತಿಕ್ರಿಯೆ ಇಲ್ಲವೇ? ಎದೆ ಏರಿಳಿಯುತ್ತಿದೆಯೇ ನೋಡಿ. ಎರಡೂ ಇಲ್ಲ ಎಂದಾದರೆ ಶುರು ಮಾಡಿ. ನಾಡಿ ಹುಡುಕುತ್ತ ಕೂರುವುದು ಆಸ್ಪತ್ರೆಯವರ ಕೆಲಸ.

ಇಲ್ಲಿ ಮೋಸ ಹೋಗುವ ಜಾಗ ಎರಡು. ಹೃದಯ ನಿಂತ ಮೊದಲ ಕೆಲವು ನಿಮಿಷ ಕೆಲವರು ಬಾಯಿ ತೆರೆದು ಆಗೊಮ್ಮೆ ಈಗೊಮ್ಮೆ ಗೊರ್ ಎಂದು ಉಸಿರು ಎಳೆಯುತ್ತಾರೆ. "ಉಸಿರು ಐತೆ, ಬಿಡ್ರಿ" ಎಂದು ಸುತ್ತಲಿನವರು ತಡೆಯುತ್ತಾರೆ. ಅದು ಉಸಿರಾಟವಲ್ಲ, ಹೃದಯ ನಿಂತಿರುವ ಗುರುತು. ಎರಡನೆಯದು, ಹೃದಯ ನಿಂತ ಕೂಡಲೇ ಮೈ ಒಮ್ಮೆ ಅದುರಬಹುದು, ಥೇಟ್ ಮೂರ್ಛೆರೋಗದ ಹಾಗೆ. ಯಾರೋ ಬೀಗದ ಕೈಗೊಂಚಲು ತಂದು ಕೈಗೆ ತುರುಕುತ್ತಾರೆ, ಇನ್ಯಾರೋ ಈರುಳ್ಳಿ ಮೂಸಿಸುತ್ತಾರೆ, ಮತ್ತೊಬ್ಬರು ಬಾಯಿಗೆ ನೀರು ಹೊಯ್ಯುತ್ತಾರೆ. ಮೂರರಿಂದಲೂ ಪ್ರಯೋಜನವಿಲ್ಲ, ನೀರಂತೂ ಶ್ವಾಸನಾಳಕ್ಕೇ ಹೋಗುತ್ತದೆ. ಅದುರುವುದು ನಿಂತ ಮೇಲೆ ಉಸಿರು ನೋಡಿ. ಇಲ್ಲದಿದ್ದರೆ ಒತ್ತಿ.

ಎದೆನೋವು ಎನ್ನುತ್ತ ಮಾತಾಡುತ್ತಿರುವವರಿಗೆ ಒತ್ತಬಾರದು, ಅವರ ಹೃದಯ ಬಡಿಯುತ್ತಿದೆ. ಅವರನ್ನು ಕೂರಿಸಿ 108ಕ್ಕೆ ಕರೆ ಮಾಡಿ. ಜೋರಾಗಿ ಕೆಮ್ಮಿದರೆ ಹೃದಯಾಘಾತದಿಂದ ಪಾರಾಗಬಹುದು ಎಂದು ವಾಟ್ಸ್ಆ್ಯಪ್‌ನಲ್ಲಿ ಸುತ್ತುವ ಸಂದೇಶವನ್ನು ಅಳಿಸಿಹಾಕಿ.

ಇನ್ನೂ ಅನುಮಾನವೇ? ಒತ್ತಿ. ಬಡಿಯುತ್ತಿರುವ ಹೃದಯದ ಮೇಲೆ ಕೆಲವು ಸಲ ಒತ್ತಿದರೆ ಆಗುವ ಹಾನಿ, ನಿಂತ ಹೃದಯವನ್ನು ಒತ್ತದೆ ಬಿಟ್ಟಾಗ ಆಗುವ ಹಾನಿಯ ಮುಂದೆ ಏನೇನೂ ಅಲ್ಲ.

## ಹಂತ 2: 108 ಮತ್ತು ಗಟ್ಟಿ ನೆಲ

ಕರೆ ಮಾಡಿ, ಸ್ಪೀಕರ್ ಹಾಕಿ, ಫೋನನ್ನು ನೆಲದ ಮೇಲಿಡಿ. 112 ಕೂಡ ಆಗುತ್ತದೆ. ಊರಿನ ಹೆಸರಿನ ಜೊತೆ ತಾಲ್ಲೂಕು ಮತ್ತು ಎಲ್ಲರಿಗೂ ಗೊತ್ತಿರುವ ಒಂದು ಗುರುತು ಹೇಳಿ. ಒಂದೇ ಹೆಸರಿನ ಹಳ್ಳಿಗಳು ನಮ್ಮ ಎರಡು ಜಿಲ್ಲೆಗಳಲ್ಲೂ ಬೇಕಾದಷ್ಟಿವೆ.

ಇನ್ನು ನೆಲದ ಮಾತು. ಆಳ ಸೋರಿಹೋಗುವುದು ಹೆಚ್ಚಾಗಿ ಇಲ್ಲೇ. ಮಂಚದ ಮೇಲೆ ಫೋಮ್ ಹಾಸಿಗೆಯಲ್ಲಿ ಮಲಗಿದ್ದವರನ್ನು ಅಲ್ಲೇ ಒತ್ತಿದರೆ ನಿಮ್ಮ ಕೈ 5 ಸೆಂ.ಮೀ. ಕೆಳಗೆ ಹೋಗುವುದೇನೋ ನಿಜ, ಆದರೆ ಅದರಲ್ಲಿ ಒಂದು ಪಾಲು ಹಾಸಿಗೆ ಕುಗ್ಗಿದ್ದು. ಎದೆ ಕುಗ್ಗಿದ್ದು ಮಿಕ್ಕಷ್ಟೇ. ನಂಬಿಕೆ ಬರದಿದ್ದರೆ ಕ್ಲಿಕ್ ಶಬ್ದ ಮಾಡುವ ಗೊಂಬೆಯನ್ನು ಮೊದಲು ಸಿಮೆಂಟ್ ನೆಲದ ಮೇಲೆ, ಆಮೇಲೆ ಹಾಸಿಗೆಯ ಮೇಲೆ ಇಟ್ಟು ಒತ್ತಿ ನೋಡಿ. ಹಾಸಿಗೆಯ ಮೇಲೆ ಕೈ ಅಷ್ಟೇ ಇಳಿದರೂ ಕ್ಲಿಕ್ ಬರುವುದಿಲ್ಲ.

ಮನೆಯಲ್ಲಾದರೆ ಹಾಸಿಗೆಯ ಮೇಲಿನ ಬೆಡ್‌ಶೀಟ್ ಸಮೇತ ಇಬ್ಬರು ಹಿಡಿದು ನೆಲಕ್ಕೆ ಇಳಿಸಿ. ತಲೆ ಬಡಿಯದ ಹಾಗೆ ಒಬ್ಬರು ನೋಡಿಕೊಳ್ಳಿ. ಕಾರಿನ ಸೀಟಿನಲ್ಲಿದ್ದರೆ ಹೊರಗೆ ಎಳೆಯಿರಿ. "ಆಸ್ಪತ್ರೆಗೇ ಹೋಗೋಣ" ಎಂದು ಆಟೊದಲ್ಲಿ ಮಡಿಲ ಮೇಲೆ ಮಲಗಿಸಿಕೊಂಡು ಹೊರಟರೆ ದಾರಿಯುದ್ದಕ್ಕೂ ಒಂದು ಒತ್ತೂ ಸರಿಯಾಗಿ ಬೀಳುವುದಿಲ್ಲ. ಆಸ್ಪತ್ರೆ ವಾರ್ಡಿನಲ್ಲಿ ಮಾತ್ರ ರೋಗಿಯನ್ನು ನೆಲಕ್ಕೆ ಇಳಿಸುವುದಿಲ್ಲ. ಬೆನ್ನಿನ ಕೆಳಗೆ ಗಟ್ಟಿ ಹಲಗೆ ತೂರಿಸಿ, ಗಾಳಿ ತುಂಬಿದ ಹಾಸಿಗೆಯಾದರೆ ಗಾಳಿ ಬಿಟ್ಟು ಒತ್ತುತ್ತಾರೆ.

ಹೊಲ, ತೋಟವಾದರೆ ಉತ್ತ ಮಣ್ಣಿನಿಂದ ಬದುವಿನ ಮೇಲಕ್ಕೋ ಬಂಡೆಯ ಮೇಲಕ್ಕೋ ಎಳೆದುಕೊಳ್ಳಿ. ನಾಲ್ಕು ಹೆಜ್ಜೆಯಲ್ಲಿ ಗಟ್ಟಿ ನೆಲ ಇದ್ದರೆ ಸರಿ, ಇಲ್ಲದಿದ್ದರೆ ಇದ್ದಲ್ಲೇ ಶುರು ಮಾಡಿ. ಜಾಗ ಹುಡುಕುತ್ತ ನಿಮಿಷ ಕಳೆಯುವುದು ಮೆದು ನೆಲಕ್ಕಿಂತ ಕೆಟ್ಟದ್ದು.

## ಹಂತ 3: ಕೈ ಇಡುವ ಜಾಗ

ಕತ್ತಿನ ಬುಡದಲ್ಲಿ ಬೆರಳಿಗೆ ಒಂದು ಗುಳಿ ಸಿಗುತ್ತದೆ. ಕೆಳಗೆ, ಎರಡೂ ಕಡೆಯ ಪಕ್ಕೆಲುಬು ಬಂದು ಕೂಡುವಲ್ಲಿ ಎದೆಮೂಳೆ ಮುಗಿಯುತ್ತದೆ. ಇವೆರಡರ ನಡುವಿನ ಮೂಳೆಯನ್ನು ಮನಸ್ಸಿನಲ್ಲೇ ಎರಡು ಪಾಲು ಮಾಡಿ. ಕೆಳಗಿನ ಪಾಲಿನ ಮೇಲೆ ಒಂದು ಅಂಗೈಯ ಬುಡ ಕೂರಬೇಕು, ಎದೆಯ ನಟ್ಟನಡುವೆ. ಮೊಲೆತೊಟ್ಟುಗಳ ಗೆರೆ ನೋಡಿ ಇಡಿ ಎಂದು ಹೇಳಿಕೊಡುವುದುಂಟು. ಹೆಂಗಸರಲ್ಲಿ, ದಪ್ಪ ಇರುವವರಲ್ಲಿ ಆ ಗೆರೆ ನಂಬಲರ್ಹವಲ್ಲ. ಮೂಳೆಯನ್ನೇ ನಂಬಿ.

"ಹೃದಯ ಎಡಗಡೆ ಅಲ್ವಾ ಸಾರ್?" ಎಂದು ಎಡಕ್ಕೆ ಜರುಗಿಸುವವರು ಪ್ರತಿ ತಂಡದಲ್ಲೂ ಇರುತ್ತಾರೆ. ಎಡಕ್ಕೆ ಇಟ್ಟರೆ ಒತ್ತುವುದು ಪಕ್ಕೆಲುಬನ್ನು. ಅದು ಮುರಿಯುತ್ತದೆ, ಎದೆಮೂಳೆ ಇಳಿಯುವುದಿಲ್ಲ. ತೀರ ಕೆಳಗೆ ಇಟ್ಟರೆ ಮೂಳೆಯ ತುದಿ ಪಿತ್ತಜನಕಾಂಗಕ್ಕೆ ಚುಚ್ಚಬಹುದು. ತೀರ ಮೇಲೆ ಇಟ್ಟರೆ ಎದೆ ಕಲ್ಲಿನ ಹಾಗೆ ಕೂತಿರುತ್ತದೆ, ಆಳ ಸಿಗುವುದಿಲ್ಲ.

ಎರಡನೆಯ ಕೈಯನ್ನು ಮೊದಲನೆಯದರ ಮೇಲಿಟ್ಟು ಬೆರಳು ಹೆಣೆದು, ಬೆರಳುಗಳನ್ನು ಎದೆಯಿಂದ ಮೇಲಕ್ಕೆ ಎತ್ತಿ. ಬೆರಳು ಎದೆಗೆ ತಾಗಿದ್ದರೆ ಒತ್ತಡ ಪಕ್ಕೆಲುಬಿಗೆ ಹಂಚಿಹೋಗುತ್ತದೆ.

ಬಟ್ಟೆ ದಪ್ಪವಿದ್ದರೆ ಸರಿಸಿ. ಸೆರಗು ಸರಿಸುವುದಕ್ಕೆ, ಮಾಂಗಲ್ಯ ಪಕ್ಕಕ್ಕೆ ತಳ್ಳುವುದಕ್ಕೆ ಕೈ ಹಿಂಜರಿಯುತ್ತದೆ, ಅದೂ ಗಂಡಸರದು. ಸುತ್ತ ನಿಂತ ಹೆಂಗಸರಿಗೆ "ಅಕ್ಕ, ಸೀರೆ ಅಡ್ಡ ಹಿಡೀರಿ" ಎಂದು ಮರೆ ಮಾಡಿಸಿ, ನೀವು ಒತ್ತಿ. ಮಾಂಗಲ್ಯದ ತಾಳಿ ಅಂಗೈ ಕೆಳಗೆ ಸಿಕ್ಕಿಕೊಂಡರೆ ಇಬ್ಬರಿಗೂ ಗಾಯ.

## ಹಂತ 4: ಮೈಯನ್ನು ಕೂರಿಸುವುದು

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಕ್ರೇಟ್ ಎತ್ತುವ ಹಮಾಲಿಯೊಬ್ಬರು ಒಮ್ಮೆ ತರಬೇತಿಗೆ ಬಂದಿದ್ದರು. 15 ಕೆ.ಜಿ.ಯ ಕ್ರೇಟನ್ನು ದಿನವಿಡೀ ಲಾರಿಗೆ ಏರಿಸುವ ಆಳು. "ಈ ರಬ್ಬರ್ ಗೊಂಬೆ ಒತ್ತೋಕೆ ಇಷ್ಟೊಂದು ಪಾಠಾನಾ ಸಾರ್?" ಎಂದು ನಕ್ಕು ಕೂತರು. ಗೊಂಬೆಯಿಂದ ಒಂದು ಮೊಳ ದೂರ ಕೂತು, ಮೊಣಕೈ ಮಡಚಿ, ತೋಳಿನಿಂದಲೇ ಪಂಪ್ ಹೊಡೆಯತೊಡಗಿದರು. ಮೊದಲು ಕ್ಲಿಕ್ ಬರುತ್ತಿತ್ತು. ಅರ್ಧ ನಿಮಿಷ ದಾಟುತ್ತಲೇ ಒಂದು ಬಂದರೆ ಒಂದಿಲ್ಲ, ಒಂದು ನಿಮಿಷಕ್ಕೆ ಪೂರ್ತಿ ಬಂದ್. ತೋಳು ಮಾತ್ರ ಉಬ್ಬಿಕೊಂಡು ನಡುಗುತ್ತಿತ್ತು. ಅವರ ಆಮೇಲೆ ಬಂದ ನರ್ಸಿಂಗ್ ಹುಡುಗಿ ಅವರ ಅರ್ಧ ತೂಕವೂ ಇದ್ದಿರಲಾರಳು. ಮೊಣಕಾಲನ್ನು ಗೊಂಬೆಯ ಪಕ್ಕೆಗೆ ತಾಗಿಸಿ, ಗೊಂಬೆಯ ಮೇಲೆ ಬಾಗಿ, ಕೈ ನೆಟ್ಟಗೆ ಮಾಡಿ ಸೊಂಟದಿಂದ ಇಳಿದಳು. ಎರಡು ನಿಮಿಷವೂ ಕ್ಲಿಕ್ ಒಂದೇ ಸಮ ಬಂತು.

ಅವಳು ಮಾಡಿದ್ದನ್ನು ಬಿಡಿಸಿ ಹೇಳುವುದಾದರೆ ಇಷ್ಟು:

ಮೊಣಕಾಲು ಎರಡೂ ನೆಲಕ್ಕೆ, ಭುಜದಷ್ಟು ಅಗಲ, ಬಿದ್ದವರ ಎದೆಯ ಪಕ್ಕಕ್ಕೆ ತಾಗಿದ ಹಾಗೆ. ದೂರ ಕೂತರೆ ಓರೆಯಾಗಿ ಒತ್ತುತ್ತೀರಿ. ಬಲ ಪಕ್ಕಕ್ಕೆ ಜಾರುತ್ತದೆ.

ಭುಜ ಅಂಗೈಯ ನೇರ ಮೇಲೆ. ನಿಮ್ಮ ಮೂಗಿನಿಂದ ಬೆವರ ಹನಿ ಬಿದ್ದರೆ ಅದು ಬಿದ್ದವರ ಎದೆಯ ಆಚೆ ಬದಿಗೆ ಬೀಳುವಷ್ಟು ಮುಂದೆ ಬಾಗಿ.

ಮೊಣಕೈ ಬೀಗ ಹಾಕಿದ ಹಾಗೆ. ಬಾಗಿ ಏಳುವುದು ಸೊಂಟ, ಕೈಯಲ್ಲ. ಕೈ ಬರಿಯ ಕಂಬ. ನಿಮ್ಮ ಮೈತೂಕ ಅದರ ಮೂಲಕ ಇಳಿಯುತ್ತದೆ.

ಗಿಡ್ಡ ಇರುವವರು ಆಸ್ಪತ್ರೆ ಮಂಚದ ಪಕ್ಕ ನಿಂತು ಒತ್ತಬೇಕಾದರೆ ಸ್ಟೂಲ್ ಹತ್ತಿ. ಮಂಚದ ಎತ್ತರಕ್ಕೆ ನೀವು ಹೊಂದಿಕೊಂಡರೆ ಭುಜ ಮೇಲೆ ಬರುವುದಿಲ್ಲ.

## ಹಂತ 5: ಆಳವನ್ನು ಅಳೆದು ಕೈಗೆ ಕಲಿಸುವುದು

ಈಗ ಸ್ಕೇಲ್ ತೆಗೆಯಿರಿ. ನಿಮ್ಮ ಮಣಿಕಟ್ಟಿನ ಹೊರಬದಿಯಲ್ಲಿ ಬಾಲ್‌ಪೆನ್ನಿನಿಂದ ಒಂದು ಅಡ್ಡಗೆರೆ ಎಳೆಯಿರಿ. ಗೊಂಬೆ ಗಟ್ಟಿ ನೆಲದ ಮೇಲಿರಲಿ. ಜೊತೆಗಿರುವವರು 30 ಸೆಂ.ಮೀ. ಸ್ಕೇಲನ್ನು ನೆಲದ ಮೇಲೆ ನೆಟ್ಟಗೆ, ನಿಮ್ಮ ಮಣಿಕಟ್ಟಿಗೆ ಹತ್ತಿರ ಹಿಡಿಯಲಿ. ಸೊನ್ನೆ ನೆಲದ ಕಡೆ.

ಕೈಯನ್ನು ಎದೆಯ ಮೇಲೆ ಭಾರ ಬಿಡದೆ ಇಟ್ಟು, ಗೆರೆ ಯಾವ ಅಂಕಿಗೆ ಬಂತು ನೋಡಿ. 24 ಎಂದುಕೊಳ್ಳೋಣ. ಒತ್ತಿ ಹಿಡಿದಾಗ ಗೆರೆ 19ಕ್ಕೂ 18ಕ್ಕೂ ನಡುವೆ ಬರಬೇಕು. 20ರಲ್ಲೇ ನಿಂತರೆ ನಿಮ್ಮ ಆಳ 4. ಮೊದಲು ಒಂದೊಂದೇ ನಿಧಾನವಾಗಿ ಒತ್ತಿ, ಸರಿಯಾದ ಅಂಕಿಗೆ ಬಂದಾಗ ಅಲ್ಲೇ ಒಂದು ಕ್ಷಣ ನಿಲ್ಲಿಸಿ, ಮೈಯಲ್ಲಿ ಎಷ್ಟು ಭಾರ ಮುಂದೆ ಬಂದಿದೆ ಎಂದು ಗಮನಿಸಿ. ಈ ನಿಲ್ಲಿಸುವುದು ಕಲಿಯುವಾಗ ಮಾತ್ರ.

ಆಮೇಲೆ ಕಣ್ಣು ಮುಚ್ಚಿ ಒತ್ತಿ. ಜೊತೆಗಿರುವವರು ಅಂಕಿ ಕೂಗಲಿ: "ನಾಲ್ಕೂವರೆ... ಐದು... ಐದೂವರೆ..." ನಿಮ್ಮ ಅಂದಾಜಿಗೂ ಸ್ಕೇಲಿಗೂ ಎಷ್ಟು ಅಂತರವಿದೆ ಎಂಬುದು ಇಲ್ಲಿ ಬಯಲಾಗುತ್ತದೆ. ಕಣ್ಣು ಮುಚ್ಚಿದಾಗ ಒಂದೇ ಸಮ 5ಕ್ಕೂ 6ಕ್ಕೂ ನಡುವೆ ಬರುವವರೆಗೂ ಮುಂದಿನ ಹಂತಕ್ಕೆ ಹೋಗಬೇಡಿ.

ಒಬ್ಬರೇ ಇದ್ದರೆ ಸ್ಕೇಲನ್ನು ಇಟ್ಟಿಗೆಗೋ ನೀರಿನ ಬಾಟಲಿಗೋ ರಬ್ಬರ್‌ಬ್ಯಾಂಡ್ ಹಾಕಿ ನಿಲ್ಲಿಸಿ, ಫೋನನ್ನು ಎದೆಯ ಮಟ್ಟದಲ್ಲಿ ಪಕ್ಕಕ್ಕೆ ಇಟ್ಟು ವಿಡಿಯೊ ಮಾಡಿ. ಮೇಲಿನಿಂದ ತೆಗೆದ ವಿಡಿಯೊ ಆಳ ತೋರಿಸುವುದಿಲ್ಲ.

ಕ್ಲಿಕ್ ಗೊಂಬೆಯ ಬಗ್ಗೆ ಒಂದು ಎಚ್ಚರಿಕೆ. ಕ್ಲಿಕ್ ಎಂದರೆ ಬೇಕಾದ ಆಳಕ್ಕೆ ಬಂದಿರಿ ಎಂದಷ್ಟೇ. 6 ದಾಟಿದಿರಿ ಎಂದು ಅದು ಹೇಳುವುದಿಲ್ಲ, ಎದೆ ಪೂರ್ತಿ ಮೇಲೆ ಬಂತೋ ಎಂದೂ ಹೇಳುವುದಿಲ್ಲ. ತುಂಬಾ ಕೈಗಳು ಒತ್ತಿ ಸವೆದ ಗೊಂಬೆಯ ಸ್ಪ್ರಿಂಗ್ ಸಡಿಲವಾಗಿರುತ್ತದೆ, ಹಗುರ ಕೈಗೂ ಕ್ಲಿಕ್ ಎನ್ನುತ್ತದೆ. ಅಂಥದ್ದರ ಮೇಲೆ ಪಳಗಿದ ಕೈ ನಿಜವಾದ ಎದೆಯ ಮುಂದೆ ಸೋಲುತ್ತದೆ. ಆದ್ದರಿಂದ ಕ್ಲಿಕ್ ಬಂದರೂ ಸ್ಕೇಲ್ ಹಿಡಿಯಿರಿ.

ಮನೆಯ ತೂಕದ ಯಂತ್ರದ ಮೇಲೆ ಇಷ್ಟು ಕೆ.ಜಿ. ಬರುವಂತೆ ಒತ್ತಿ ಕಲಿಯಿರಿ ಎಂಬ ಉಪಾಯ ಕೆಲವರು ಹೇಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ತೆಳ್ಳಗಿನ ಅಜ್ಜಿಯ ಎದೆಯೂ ಕಟ್ಟುಮಸ್ತಾದ ಗಾರೆ ಕೆಲಸದವರ ಎದೆಯೂ ಒಂದೇ ಗಡಸಲ್ಲ. ಗುರಿ ಸೆಂಟಿಮೀಟರ್, ಕಿಲೊ ಅಲ್ಲ.

## ಹಂತ 6: ಬಿಡುವುದು

ಒತ್ತಿದ ಮೇಲೆ ಎದೆ ಪೂರ್ತಿ ಮೇಲೆ ಬರಬೇಕು. ಹೃದಯ ಮತ್ತೆ ರಕ್ತ ತುಂಬಿಕೊಳ್ಳುವುದು ಆಗಲೇ. ದಣಿವಾಗುತ್ತಿದ್ದಂತೆ ಕೈ ಎದೆಯ ಮೇಲೆಯೇ ಒರಗಿ ನಿಲ್ಲತೊಡಗುತ್ತದೆ, ಒತ್ತುವವರಿಗೆ ಗೊತ್ತೇ ಆಗುವುದಿಲ್ಲ.

ಸ್ಕೇಲ್ ಇದನ್ನೂ ಹಿಡಿದು ಕೊಡುತ್ತದೆ. ಶುರುವಿನಲ್ಲಿ ಮೇಲಿನ ಅಂಕಿ 24, ಕೆಳಗಿನದು 19. ಒಂದು ನಿಮಿಷ ಆದಮೇಲೆ ಕೆಳಗಿನದು 19ಕ್ಕೇ ಬರುತ್ತಿದೆ, ಆದರೆ ಮೇಲಿನದು 23. ಕೈ ಇಳಿಯುವ ಜಾಗ ಬದಲಾಗಿಲ್ಲ, ಆದರೂ ನಿಮ್ಮ ಒತ್ತು ಈಗ 4 ಸೆಂ.ಮೀ. ಮಾತ್ರ, ಮೇಲಿನ 1 ಸೆಂ.ಮೀ. ಒರಗಿದ್ದರಲ್ಲೇ ಹೋಯಿತು. ಹಾಗಾಗಿ ಅಳೆಯುವವರು ಕೆಳಗಿನ ಅಂಕಿಯಷ್ಟೇ ಮೇಲಿನದನ್ನೂ ಕೂಗಬೇಕು.

ಇದಕ್ಕೆ ಹೆದರಿ ಕೈಯನ್ನೇ ಎದೆಯಿಂದ ಎತ್ತಿಬಿಡುವವರಿದ್ದಾರೆ. ಆಗ ಪ್ರತಿ ಸಲ ಕೈ ಬೇರೆ ಜಾಗಕ್ಕೆ ಬಂದು ಬಡಿಯುತ್ತದೆ. ಅಂಗೈ ಚರ್ಮಕ್ಕೆ ತಾಗಿರಲಿ, ಭಾರ ಮಾತ್ರ ಇರಬಾರದು.

## ಹಂತ 7: ವೇಗ ಆಳವನ್ನು ತಿನ್ನುತ್ತದೆ

ಗಾಬರಿಯಲ್ಲಿ ಕೈ ಓಡುತ್ತದೆ. ನಿಮಿಷಕ್ಕೆ 120 ದಾಟಿದಂತೆ ಎದೆ ಇಳಿಯುವುದಕ್ಕೂ ಏಳುವುದಕ್ಕೂ ಸಮಯ ಸಾಲದೆ ಆಳ ತಾನಾಗಿ ಕಡಿಮೆಯಾಗುತ್ತದೆ.

ಲೆಕ್ಕ ಸುಲಭ: 30 ಒತ್ತುಗಳಿಗೆ 15ರಿಂದ 18 ಸೆಕೆಂಡು ಹಿಡಿಯಬೇಕು. 12 ಸೆಕೆಂಡಿಗೇ ಮುಗಿದರೆ ನಿಮಿಷಕ್ಕೆ 150ರ ವೇಗ, ಆಳ ಖಂಡಿತ ಸಾಲದು. 22 ಸೆಕೆಂಡಾದರೆ ನಿಧಾನವಾಯಿತು. ಮೆಟ್ರೊನೋಮ್ ಆ್ಯಪನ್ನು 110ಕ್ಕೆ ಇಟ್ಟು ಅಭ್ಯಾಸ ಮಾಡಿ.

ಎಣಿಸುವಾಗ ಒಂದರಿಂದ ಮೂವತ್ತರವರೆಗೆ ಕನ್ನಡದಲ್ಲಿ ಹೋದರೆ "ಹದಿನೇಳು", "ಇಪ್ಪತ್ತಾರು" ಎನ್ನುವಷ್ಟರಲ್ಲಿ ಕೈ ಕಾಯಬೇಕಾಗುತ್ತದೆ, ಇಲ್ಲವೇ ನಾಲಿಗೆ ತೊಡರುತ್ತದೆ. ಒಂದರಿಂದ ಹತ್ತು, ಹೀಗೆ ಮೂರು ಸಲ ಎಣಿಸಿ. ಮೆಟ್ರೊನೋಮಿನ ಜೊತೆಗೇ ಬರುತ್ತದೆ.

ಉಸಿರು ಕೊಡುವ ತರಬೇತಿ ಆಗಿದ್ದರೆ 30 ಒತ್ತಿಗೆ 2 ಉಸಿರು, ಒಂದೊಂದೂ 1 ಸೆಕೆಂಡು, ಎದೆ ಕಣ್ಣಿಗೆ ಕಾಣುವಷ್ಟು ಏರಿದರೆ ಸಾಕು. ಎರಡೂ ಸೇರಿ ಕೈ ಬಿಟ್ಟ ಸಮಯ 10 ಸೆಕೆಂಡು ಮೀರಬಾರದು. ತರಬೇತಿ ಇಲ್ಲದಿದ್ದರೆ, ಮನಸ್ಸು ಒಪ್ಪದಿದ್ದರೆ, ಬರೀ ಒತ್ತುತ್ತಲೇ ಇರಿ. ಇಂಡಿಯನ್ ರಿಸಸಿಟೇಶನ್ ಕೌನ್ಸಿಲ್ ಜನಸಾಮಾನ್ಯರಿಗೆ ಕಲಿಸುವುದೂ ಬರೀ ಒತ್ತುವ ಕ್ರಮವನ್ನೇ.

## ಹಂತ 8: 2 ನಿಮಿಷಕ್ಕೆ ಕೈ ಬದಲಾವಣೆ

ಸುಸ್ತು ನಿಮಗೆ ಗೊತ್ತಾಗುವ ಮೊದಲೇ ಆಳ ಇಳಿದಿರುತ್ತದೆ. ಆದ್ದರಿಂದ "ನಾನಿನ್ನೂ ಮಾಡ್ತೀನಿ, ಪರವಾಗಿಲ್ಲ" ಎನ್ನುವವರ ಮಾತು ಕೇಳಬೇಡಿ. 2 ನಿಮಿಷಕ್ಕೆ ಬದಲಾಯಿಸಿ. ಉಸಿರು ಸೇರಿಸಿ ಮಾಡುತ್ತಿದ್ದರೆ 30:2ರ 5 ಸುತ್ತು ಸರಿಸುಮಾರು ಅಷ್ಟೇ ಸಮಯ.

ಮುಂದಿನವರು ಮೊದಲೇ ಎದುರುಬದಿಯಲ್ಲಿ ಮೊಣಕಾಲೂರಿ, ಕೈ ಹೆಣೆದು ಸಿದ್ಧರಾಗಿರಲಿ. ಬದಲಾವಣೆ 5 ಸೆಕೆಂಡಿನೊಳಗೆ ಮುಗಿಯಬೇಕು. ಒತ್ತು ನಿಂತ ಕೂಡಲೇ ರಕ್ತದೊತ್ತಡ ಬಿದ್ದುಹೋಗುತ್ತದೆ, ಮತ್ತೆ ಏರಿಸಲು ಹಲವು ಒತ್ತು ಬೇಕು. ಕಾಯುತ್ತಿರುವವರಿಗೆ ಒಂದು ಕೆಲಸ ಕೊಡಿ: ಪಕ್ಕದಿಂದ, ನೆಲದ ಮಟ್ಟಕ್ಕೆ ತಲೆ ತಗ್ಗಿಸಿ ಎದೆ ನೋಡುತ್ತ "ಇನ್ನೂ ಆಳ", "ಮೇಲೆ ಬಿಡಿ", "ನಿಧಾನ" ಎಂದು ಹೇಳುವುದು. ಒತ್ತುವವರಿಗೆ ಮೇಲಿನಿಂದ ಕಾಣದ್ದು ಅವರಿಗೆ ಕಾಣುತ್ತದೆ.

## ನಿಜವಾದ ಎದೆಯ ಮೇಲೆ ಏನು ಬೇರೆ?

ಅಲ್ಲಿ ಸ್ಕೇಲೂ ಇಲ್ಲ, ಕ್ಲಿಕ್ಕೂ ಇಲ್ಲ. ಎದೆ ಪಕ್ಕದಿಂದ ಕಣ್ಣಿಗೆ ಕಾಣುವಷ್ಟು ಇಳಿದು ಏಳಬೇಕು, ಎಟಿಎಂ ಕಾರ್ಡಿನ ಅಗಲ ನೆನಪಿರಲಿ. ಚರ್ಮ ಮಾತ್ರ ಅಲುಗಿ ಎದೆಗೂಡು ಅಲುಗದಿದ್ದರೆ ಅದು ಒತ್ತುವುದಲ್ಲ, ನೀವುವುದು. ದಪ್ಪ ಇರುವವರಿಗೂ ಆಳ ಅದೇ 5ರಿಂದ 6.

ಮೊದಲ ಕೆಲವು ಒತ್ತಿನಲ್ಲಿ "ಕಟ್" ಎಂಬ ಸದ್ದು ಅಥವಾ ಕೈ ಕೆಳಗೆ ಏನೋ ಮುರಿದ ಅನುಭವ ಆಗಬಹುದು, ವಯಸ್ಸಾದವರಲ್ಲಿ ಇದು ಸಾಮಾನ್ಯ. ಶಿಡ್ಲಘಟ್ಟದ ರೇಷ್ಮೆ ಘಟಕವೊಂದರಲ್ಲಿ ಅಕ್ಕ ಒಬ್ಬರು ಕೇಳಿದ್ದು ಇದನ್ನೇ: "ಅಯ್ಯೋ, ಮೂಳೆ ಮುರ್ದೋದ್ರೆ ಯಾರು ಜವಾಬ್ದಾರಿ ಸಾರ್?" ಮುರಿದ ಪಕ್ಕೆಲುಬು ಕೂಡಿಕೊಳ್ಳುತ್ತದೆ. ನಿಲ್ಲಿಸಬೇಡಿ. ಕೈ ಸರಿಯಾದ ಜಾಗದಲ್ಲಿದೆಯೇ ಎಂದು ಒಮ್ಮೆ ನೋಡಿ ಮುಂದುವರಿಸಿ. ಸದ್ದು ಬಂತೆಂದು ಆಳ ಸರಿಯಿದೆ ಎಂದೂ ಅಲ್ಲ, ಹೆಚ್ಚಾಯಿತು ಎಂದೂ ಅಲ್ಲ. ಆದರೆ ಮುರಿದ ಮೇಲೆ ಎದೆ ಮೆತ್ತಗಾಗುತ್ತದೆ, ಅದೇ ಭಾರಕ್ಕೆ ಹೆಚ್ಚು ಇಳಿಯುತ್ತದೆ; ಆಗ ಭಾರ ಸ್ವಲ್ಪ ಹಿಂದಕ್ಕೆ ತೆಗೆಯಿರಿ. ಜವಾಬ್ದಾರಿಯ ಪ್ರಶ್ನೆಗೆ: ರಸ್ತೆ ಅಪಘಾತದಲ್ಲಿ ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಂ ರಕ್ಷಣೆ ಕೊಡುತ್ತದೆ.

ಎಇಡಿ (ನಿಂತ ಹೃದಯಕ್ಕೆ ಶಾಕ್ ಕೊಡುವ, ಏನು ಮಾಡಬೇಕೆಂದು ತಾನೇ ಹೇಳುವ) ಯಂತ್ರ ಹತ್ತಿರದಲ್ಲಿದ್ದರೆ ಒಬ್ಬರನ್ನು ಓಡಿಸಿ. ಪ್ಯಾಡ್ ಅಂಟಿಸುವಾಗಲೂ ಒತ್ತು ನಡೆಯುತ್ತಿರಲಿ, ಯಂತ್ರ "ಮುಟ್ಟಬೇಡಿ" ಎಂದಾಗ ಮಾತ್ರ ಕೈ ತೆಗೆಯಿರಿ, ಶಾಕ್ ಆದ ಕೂಡಲೇ ಮತ್ತೆ ಒತ್ತಿ.

## ಮಕ್ಕಳು ಮತ್ತು ಕೂಸುಗಳು

ಮಕ್ಕಳಿಗೆ ಒಂದೇ ಕೈ ಸಾಕಾಗಬಹುದು, ಆಳ ಸಿಗದಿದ್ದರೆ ಎರಡೂ ಹಾಕಿ. ಕೂಸಿಗೆ ಎರಡೂ ಕೈಗಳಿಂದ ಎದೆಯನ್ನು ಬಳಸಿ ಹಿಡಿದು, ಎರಡು ಹೆಬ್ಬೆರಳಿನಿಂದ ಎದೆಮೂಳೆಯ ಕೆಳಭಾಗ ಒತ್ತಿ. ಕೈ ಸುತ್ತ ಹಿಡಿಯಲಾಗದಿದ್ದರೆ ಒಂದು ಅಂಗೈಯ ಬುಡ. ಎರಡು ಬೆರಳಿನ ತುದಿಯಿಂದ ಒತ್ತುವ ಹಳೆಯ ಕ್ರಮವನ್ನು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2025ರ ಮಾರ್ಗಸೂಚಿಯಲ್ಲಿ ಕೈಬಿಟ್ಟಿದೆ, ಬೆರಳಿಗೆ ಸಾಕಷ್ಟು ಆಳ ಸಿಗುವುದಿಲ್ಲ ಎಂಬುದೇ ಕಾರಣ.

ಕೂಸಿನ ಮೇಲೆ ಯಾರ ಕೈಯೂ ಸರಾಗವಾಗಿ ಇಳಿಯುವುದಿಲ್ಲ. ಪಕ್ಕದಿಂದ ಎದೆಯ ದಪ್ಪ ನೋಡಿ ಮೂರು ಪಾಲು ಮಾಡಿಕೊಳ್ಳಿ, ಒಂದು ಪಾಲು ಇಳಿಯಬೇಕು. ಮಕ್ಕಳ ಹೃದಯ ನಿಲ್ಲುವುದು ಹೆಚ್ಚಾಗಿ ಉಸಿರು ಕಟ್ಟಿದ್ದರಿಂದ, ಹಾಗಾಗಿ ಅವರಿಗೆ ಉಸಿರು ಕೊಡುವುದೂ ಮುಖ್ಯ.

## ನಮ್ಮ ಕಡೆ ಹೆಚ್ಚು ಎದುರಾಗುವ ನಾಲ್ಕು ಸಂದರ್ಭ

ಕೃಷಿ ಹೊಂಡ, ಕೆರೆಯಲ್ಲಿ ಮುಳುಗಿದವರು: ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಬೇಡ. ವಾಂತಿ ಶ್ವಾಸನಾಳಕ್ಕೆ ಹೋಗುತ್ತದೆ, ಸಮಯವೂ ಹಾಳು. ತರಬೇತಿ ಇದ್ದರೆ ಮೊದಲು 2 ಉಸಿರು, ಆಮೇಲೆ 30 ಒತ್ತು. ಎದೆ ಒರೆಸಿಕೊಳ್ಳಿ, ಒದ್ದೆ ಚರ್ಮದ ಮೇಲೆ ಅಂಗೈ ಜಾರಿ ಪಕ್ಕೆಲುಬಿನ ಮೇಲೆ ಹೋಗುತ್ತದೆ.

ಪಂಪ್‌ಸೆಟ್ ಶಾಕ್: ಮೇನ್ ಸ್ವಿಚ್ಚಿನಲ್ಲಿ ಕರೆಂಟ್ ತೆಗೆಯದೆ ಮುಟ್ಟಬೇಡಿ. ತಂತಿ ತುಂಡಾಗಿ ನೆಲಕ್ಕೆ ಬಿದ್ದಿದ್ದರೆ ಹತ್ತಿರವೂ ಹೋಗಬೇಡಿ, ಲೈನ್‌ಮನ್‌ಗೆ ಫೋನ್ ಮಾಡಿ ಲೈನ್ ಆಫ್ ಮಾಡಿಸಿ. ಅದಾದ ಮೇಲೆ ಕ್ರಮ ಮೇಲಿನದೇ.

ಗರ್ಭಿಣಿ: ಹೊಟ್ಟೆ ಹೊಕ್ಕುಳವರೆಗೆ ಬಂದಿದ್ದರೆ ಒಬ್ಬರು ಒತ್ತುವಾಗ ಇನ್ನೊಬ್ಬರು ಎರಡೂ ಕೈಯಿಂದ ಹೊಟ್ಟೆಯನ್ನು ಆಕೆಯ ಎಡಗಡೆಗೆ ಸರಿಸಿ ಹಿಡಿಯಬೇಕು. ಆಳ, ಜಾಗ ಬದಲಾಗುವುದಿಲ್ಲ.

ಕೀಟನಾಶಕ ಕುಡಿದವರು: ಬಾಯಿಂದ ಬಾಯಿಗೆ ಉಸಿರು ಕೊಡಬೇಡಿ. ಬರೀ ಒತ್ತಿ.

## ಆಳ ಕೈತಪ್ಪಿದ ಸೂಚನೆಗಳು

ಒತ್ತುವವರ ಮೊಣಕೈ ಮಡಚುತ್ತಿದೆ. ಬಿದ್ದವರ ತಲೆ, ಹೊಟ್ಟೆ ಜೋರಾಗಿ ಕುಲುಕುತ್ತಿದೆ, ಎದೆ ಮಾತ್ರ ಇಳಿಯುತ್ತಿಲ್ಲ. ಎಣಿಕೆ ಓಡುತ್ತಿದೆ. ಒತ್ತುವವರ ಸೊಂಟ ಹಿಮ್ಮಡಿಯ ಮೇಲೆ ಕೂತುಬಿಟ್ಟಿದೆ. ಅಂಗೈ ಕೆಳಗೆ ಜಾರಿ ಹೊಟ್ಟೆಯ ಹತ್ತಿರ ಬಂದಿದೆ. ಇವುಗಳಲ್ಲಿ ಯಾವುದು ಕಂಡರೂ 2 ನಿಮಿಷ ಆಗುವವರೆಗೆ ಕಾಯದೆ ಆಗಲೇ ಕೈ ಬದಲಾಯಿಸಿ.

ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಒಂದು ಮಾತು: ಶ್ವಾಸನಳಿಗೆ ಹಾಕಿದ ಮೇಲೆ ಕ್ಯಾಪ್ನೋಗ್ರಾಫ್ (ಹೊರಬರುವ ಉಸಿರಿನ ಇಂಗಾಲದ ಡೈಆಕ್ಸೈಡ್ ಅಳೆಯುವ ಯಂತ್ರ) ಅಂಕಿ 10ಕ್ಕಿಂತ ಕೆಳಗೇ ಇದ್ದರೆ ಔಷಧಿಯ ಕಡೆ ನೋಡುವ ಮೊದಲು ಒತ್ತುತ್ತಿರುವವರ ಕೈ ನೋಡಿ.

## ಯಾವಾಗ ನಿಲ್ಲಿಸಬೇಕು

ಬಿದ್ದವರು ಕೈಕಾಲು ಆಡಿಸಿದರೆ, ಸಹಜವಾಗಿ ಉಸಿರಾಡತೊಡಗಿದರೆ ನಿಲ್ಲಿಸಿ ಪಕ್ಕಕ್ಕೆ ಹೊರಳಿಸಿ, ಉಸಿರು ನೋಡುತ್ತಲೇ ಇರಿ. ಮತ್ತೆ ನಿಂತರೆ ಮತ್ತೆ ಶುರು. ಇಲ್ಲದಿದ್ದರೆ 108ರವರು ಬಂದು ತಮ್ಮ ಕೈಯನ್ನು ಎದೆಯ ಮೇಲಿಡುವವರೆಗೂ ಒತ್ತಿ. ಗಾಡಿ ಬಾಗಿಲಿಗೆ ಬಂತೆಂದು, ಸ್ಟ್ರೆಚರ್ ಕಂಡಿತೆಂದು ಎದ್ದುಬಿಡಬೇಡಿ. ಅವರು ಕೇಳುವುದು ಎರಡೇ ಪ್ರಶ್ನೆ: ಬಿದ್ದದ್ದು ಯಾವಾಗ, ಒತ್ತಲು ಶುರು ಮಾಡಿದ್ದು ಯಾವಾಗ. ನಿಮ್ಮ ಫೋನಿನ ಕರೆ ಪಟ್ಟಿಯಲ್ಲಿ 108ಕ್ಕೆ ಹೋದ ಕರೆಯ ಸಮಯ ಇರುತ್ತದೆ, ಅದನ್ನು ತೆಗೆದು ತೋರಿಸಿ.